ಪುನರ್ಪುಳಿ ಸಾರ ಹೆಚ್ಚಿಸಿದಷ್ಟೂ ನೈಟ್ರೈಟ್ ಏರುತ್ತಿದೆ: ಇದು ಉರಿಯೂತ ಇಳಿಸುವುದೋ, ಏರಿಸುವುದೋ?

ಪಳ್ಳತ್ತಡ್ಕ_ಪಿಪೆಟ್ ಕೇಳಿದ್ದು:

ಪುನರ್ಪುಳಿ ಒಣಸಿಪ್ಪೆಯ ಎರಡು ಸಾರಗಳನ್ನು ರಾ 264.7 ಸೆಲ್‌ಗಳ (ಇಲಿಯ ಮ್ಯಾಕ್ರೋಫೇಜ್ ಎಂಬ ರಕ್ಷಣಾ ಸೆಲ್‌ಗಳು) ಮೇಲೆ ನೋಡುತ್ತಾ ಇದ್ದೇನೆ, ಉರಿಯೂತ ಇಳಿಯುತ್ತದೋ ಎಂದು. ಒಂದು 0.1% ಹೈಡ್ರೋಕ್ಲೋರಿಕ್ ಆಮ್ಲ ಸೇರಿಸಿದ ಮೆಥನಾಲಿನದ್ದು, ಇನ್ನೊಂದು ಹೆಕ್ಸೇನಿನದ್ದು. ಸಿಪ್ಪೆ ಪೇಟೆಯಿಂದ ತಂದದ್ದು. 96 ವೆಲ್ ಪ್ಲೇಟಿನಲ್ಲಿ ವೆಲ್ಲಿಗೆ 50,000 ಸೆಲ್, ಒಂದು ರಾತ್ರಿ ಅಂಟಲು ಬಿಟ್ಟು, ಸಾರ ಹಾಕಿ 1 ಗಂಟೆಯ ನಂತರ ಎಲ್‌ಪಿಎಸ್ (ಉರಿಯೂತ ಎಬ್ಬಿಸುವ ಬ್ಯಾಕ್ಟೀರಿಯಾದ ವಸ್ತು) 1 ಮೈಕ್ರೋಗ್ರಾಂ/ಮಿ.ಲೀ., 24 ಗಂಟೆಗೆ ಗ್ರೀಸ್, ಅಂದರೆ ಕೆರಳಿದ ಸೆಲ್ ಬಿಡುವ ನೈಟ್ರಿಕ್ ಆಕ್ಸೈಡಿನ ಗುರುತಾದ ನೈಟ್ರೈಟನ್ನು ಬಣ್ಣದಿಂದ ಅಳೆಯುವ ಪರೀಕ್ಷೆ. ಮೇಲಿನ ಮೀಡಿಯಂ 50, ಸಲ್ಫನಿಲಮೈಡ್ 50, ಎನ್‌ಇಡಿ 50 ಮೈಕ್ರೋಲೀಟರ್ (ಈ ಎರಡು ಗ್ರೀಸ್‌ನ ರೀಏಜೆಂಟುಗಳು). 540 ನ್ಯಾನೋಮೀಟರಿನಲ್ಲಿ ಓದಿದ್ದು.

ಎಲ್‌ಪಿಎಸ್ ಮಾತ್ರ ಇರುವ ವೆಲ್ 0.24. ಮೆಥನಾಲ್ ಸಾರ 500 ಮೈಕ್ರೋಗ್ರಾಂ ಇದ್ದಲ್ಲಿ 0.31. ಇಳಿಯಬೇಕಾದದ್ದು ಮೆಟ್ಟಿಲು ಹತ್ತಿದ ಹಾಗೆ ಏರುತ್ತಿದೆ. ಹೆಕ್ಸೇನ್ ಸಾರದಲ್ಲಿ ನೈಟ್ರೈಟ್ ಚೆನ್ನಾಗಿ ಇಳಿಯುತ್ತದೆ, ಆದರೆ ಅದರ ಎಂಟಿಟಿ (ಬದುಕಿರುವ ಸೆಲ್‌ಗಳ ಪ್ರಮಾಣ ತೋರುವ ಬಣ್ಣದ ಪರೀಕ್ಷೆ) 130% ತೋರಿಸುತ್ತಿದೆ. ಮೀಡಿಯಂ ಹಳದಿಗೆ ತಿರುಗಿದ್ದೂ ಉಂಟು. ಸಿಪ್ಪೆಯ ಹುಳಿಯಿಂದಲೇ ಹೀಗೋ?

---

ಚಂದ್ರಗಿರಿ_ತಟ ಉತ್ತರ:

ಹುಳಿಯ ಲೆಕ್ಕ ಮೊದಲು ಮುಗಿಸುವ. ಸಾರದಲ್ಲಿ ಐದನೇ ಒಂದು ಪಾಲು ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಎಂದೇ ಹಿಡಿಯಿರಿ. 500 ಮೈಕ್ರೋಗ್ರಾಮಿನಲ್ಲಿ 100. ಅಣುತೂಕ 208, ಅಂದರೆ ಸುಮಾರು 0.5 ಮಿಲಿಮೋಲಾರ್. ಮೂರು ಪ್ರೋಟಾನೂ ಬಿಟ್ಟುಕೊಟ್ಟರೆ 1.5. ಸೆಲ್ ಬೆಳೆಸುವ ಡಿಎಂಇಎಂ ಮೀಡಿಯಂನಲ್ಲಿ ಬೈಕಾರ್ಬೊನೇಟ್ 44 ಮಿಲಿಮೋಲಾರ್ ಇದೆ, ಅದು ಜಗ್ಗುವುದಿಲ್ಲ. ಹಳದಿಯಾಗಿದ್ದರೆ ನೀವೇ ಸೇರಿಸಿದ ಹೈಡ್ರೋಕ್ಲೋರಿಕ್ ಉಳಿದಿರಬಹುದು. ರೋಟಾವ್ಯಾಪಿನಲ್ಲಿ (ದ್ರಾವಕವನ್ನು ಆವಿ ಮಾಡುವ ಯಂತ್ರ) ಮೆಥನಾಲ್ ಹೋಗುತ್ತಾ ಹೋದಂತೆ ಆಮ್ಲ ತಳದಲ್ಲಿ ದಪ್ಪಗಾಗುತ್ತದೆ, ಸಿಪ್ಪೆಯ ಕೆಂಪು ಬಣ್ಣವಾದ ಆಂಥೋಸಯಾನಿನ್‌ಗೆ ಅಂಟಿದ ಸಕ್ಕರೆಯನ್ನೂ ಕಡಿದು ಹಾಕುತ್ತದೆ. ಮುಂದಿನ ಸಲ 0.5% ಫಾರ್ಮಿಕ್ ಆಮ್ಲ ಬಳಸಿ, ನೀರಿನ ಬಿಸಿ 40 ಡಿಗ್ರಿ ದಾಟಿಸಬೇಡಿ, ಉಳಿದ ನೀರಿನಂಶವನ್ನು ಫ್ರೀಜ್‌ಡ್ರೈ ಮಾಡಿ.

ಏರಿಕೆಗೆ ಕಾರಣ ಬೇರೆ. ಪುನರ್ಪುಳಿ ಕಲೆ ಬಿದ್ದ ಬಿಳಿ ಮುಂಡಿಗೆ ಸೋಪು ತಾಗಿದರೆ ಕೆಂಪು ಹೋಗಿ ನೀಲಿಯಾಗುವುದು, ಲಿಂಬೆ ಹಿಂಡಿದರೆ ಪುನಃ ಕೆಂಪಾಗುವುದು ನೋಡಿರಬೇಕಲ್ಲ. ಪ್ಲೇಟಿನೊಳಗೂ ಅದೇ ಆಟ. ಸಿಪ್ಪೆಯ ಬಣ್ಣ ಸಯಾನಿಡಿನ್‌ನ ಎರಡು ಗ್ಲೈಕೋಸೈಡುಗಳದ್ದು. ಮೀಡಿಯಂನ ಪಿಎಚ್ 7.4ರಲ್ಲಿ ಅವು ಮಂಕಾಗಿ ಕೂತಿರುತ್ತವೆ. ನೀವು 5% ಫಾಸ್ಫೋರಿಕ್ ಆಮ್ಲದಲ್ಲಿ ಕರಗಿಸಿದ ಸಲ್ಫನಿಲಮೈಡ್ ಸುರಿದ ಕೂಡಲೇ ಕೆಂಪಾಗಿ ಏಳುತ್ತವೆ, 520ರ ಸುತ್ತ ಬೆಳಕು ಹೀರುತ್ತವೆ. ಗ್ರೀಸ್‌ನಲ್ಲಿ ನೈಟ್ರೈಟಿನಿಂದ ಹುಟ್ಟುವ ಆಜೋ ಬಣ್ಣ 540. ರೀಡರ್‌ಗೆ ಎರಡೂ ಒಂದೇ.

ಹೆಚ್ಚಿನವರು ತಪ್ಪುವುದು ಇಲ್ಲಿ: ರೀಏಜೆಂಟ್ ಹಾಕುವ ಮೊದಲು ಪ್ಲೇಟ್ ಓದಿ, ಆ ಬಣ್ಣ ಕಳೆದು, ಬ್ಲಾಂಕ್ ಆಯಿತು ಎಂದುಕೊಳ್ಳುತ್ತಾರೆ. ಆಗ ಬಣ್ಣ ಇನ್ನೂ ಏಳಲೇ ಇಲ್ಲ, ಕಳೆಯುವುದೇನನ್ನು? ಪ್ರತಿ ಸ್ಯಾಂಪಲ್‌ಗೂ ಒಂದು ಜೋಡಿ ವೆಲ್ ಇಡಿ. ಅದಕ್ಕೆ ಸಲ್ಫನಿಲಮೈಡ್ ಹಾಕಿ, ಎನ್‌ಇಡಿ ಬದಲು 50 ಮೈಕ್ರೋಲೀಟರ್ ನೀರು. ಎನ್‌ಇಡಿ ಇಲ್ಲದೆ ಆಜೋ ಬಣ್ಣ ಹುಟ್ಟುವುದಿಲ್ಲ. ಅಲ್ಲಿ ಕಾಣುವುದೆಲ್ಲ ಸಾರದ್ದೇ. ಅದನ್ನು ಕಳೆಯಿರಿ.

ಅಷ್ಟಕ್ಕೇ ನಿಲ್ಲಿಸಬೇಡಿ. ಫೀನಾಲುಗಳೂ ಆಸ್ಕಾರ್ಬಿಕ್ ಆಮ್ಲವೂ ಆಮ್ಲದ ಪರಿಸರದಲ್ಲಿ ನೈಟ್ರೈಟನ್ನು ತಿಂದುಬಿಡುತ್ತವೆ. ಅಂದರೆ ಒಂದೇ ಸಾರ ಬಣ್ಣದಿಂದ ರೀಡಿಂಗ್ ಏರಿಸುತ್ತದೆ, ರಸಾಯನದಿಂದ ಇಳಿಸುತ್ತದೆ. ಇದಕ್ಕೆ ರಿಕವರಿ ಮಾಡಬೇಕು. ಸೆಲ್ ಇಲ್ಲದ ಮೀಡಿಯಂಗೆ ಸಾರ ಹಾಕಿ 24 ಗಂಟೆ ಇನ್‌ಕ್ಯುಬೇಟರಿನಲ್ಲಿಟ್ಟು, ನಿಮ್ಮ ಎಲ್‌ಪಿಎಸ್ ವೆಲ್ಲಿನಷ್ಟೇ ಸೋಡಿಯಂ ನೈಟ್ರೈಟ್ ಸೇರಿಸಿ ಅಳೆಯಿರಿ. ಹಾಕಿದ್ದು ಪೂರ್ತಿ ಸಿಗಬೇಕು. ಸ್ಟ್ಯಾಂಡರ್ಡನ್ನು ನೀರಿನಲ್ಲಲ್ಲ, ಅದೇ ಮೀಡಿಯಂನಲ್ಲಿ 100 ಮೈಕ್ರೋಮೋಲಾರ್‌ನಿಂದ ಅರ್ಧರ್ಧ ಇಳಿಸುತ್ತಾ 1.56ರವರೆಗೆ ಹಾಕಿ. ಫಿನಾಲ್ ರೆಡ್ (ಮೀಡಿಯಂನ ಪಿಎಚ್ ತೋರುವ ಬಣ್ಣ) ಇಲ್ಲದ ಮೀಡಿಯಂ ಸಿಕ್ಕಿದರೆ ಅರ್ಧ ತಲೆನೋವು ಕಡಿಮೆ.

---

ಅಡೂರು_ಅಂಗಳ ಉತ್ತರ:

ಪೇಟೆಯ ಸಿಪ್ಪೆ ಎಂದಿರಿ. ನನ್ನ ಅನುಮಾನ ಅಲ್ಲಿಂದಲೇ ಶುರು.

ನಮ್ಮಲ್ಲಿ ಪುನರ್ಪುಳಿ ಒಣಗಿಸುವಾಗ ಉಪ್ಪು ಹಾಕುವವರು ಬಹಳ. ಕೆಲವರು ಸಿಪ್ಪೆಯನ್ನು ಅದರದ್ದೇ ರಸದಲ್ಲಿ ಅದ್ದಿ ಅದ್ದಿ ಒಣಗಿಸುತ್ತಾರೆ. ಅಡುಗೆಯ ಸಾರಿಗೆ ಅದು ಒಳ್ಳೆಯದು, ತಕ್ಕಡಿಗೆ ಮೋಸ. ನೀವು ತೂಗಿದ 500 ಮೈಕ್ರೋಗ್ರಾಮಿನಲ್ಲಿ ಎಷ್ಟು ಉಪ್ಪು, ಎಷ್ಟು ಸಿಪ್ಪೆಯ ಸತ್ವ? ಸಿಪ್ಪೆಯನ್ನು ಬರೀ ನೀರಿನಲ್ಲಿ ನೆನೆಸಿ, ಎರಡು ಹನಿ ನೈಟ್ರಿಕ್ ಆಮ್ಲ, ಮೇಲೆ ಸಿಲ್ವರ್ ನೈಟ್ರೇಟ್. ಮೊಸರಿನ ಹಾಗೆ ಬಿಳಿ ಗಟ್ಟಿಯಾಗಿ ಬಿದ್ದರೆ ಆ ಮೂಟೆ ಬದಿಗಿಡಿ. ಹೈಡ್ರೋಕ್ಲೋರಿಕ್ ಸೇರಿದ ಸಾರದಲ್ಲಿ ಈ ಪರೀಕ್ಷೆ ಮಾಡಬೇಡಿ, ಅದರ ಕ್ಲೋರೈಡೇ ಬಿಳಿ ಬೀಳಿಸುತ್ತದೆ.

ಎರಡನೆಯದು ಜಾತಿ. ಕಾಸರಗೋಡಿನ ಅಂಗಡಿಯಲ್ಲಿ ಕುಡಂಪುಳಿಯೂ ಇದೆ, ಪುನರ್ಪುಳಿಯೂ ಇದೆ. ಮೊದಲನೆಯದು ಗಾರ್ಸಿನಿಯಾ ಗಮ್ಮಿಗುಟ್ಟ, ಎರಡನೆಯದು ಗಾರ್ಸಿನಿಯಾ ಇಂಡಿಕಾ. ಇಡೀ ಹಣ್ಣಿನಲ್ಲಿ ಯಾರಿಗೂ ಗೊಂದಲವಿಲ್ಲ: ಒಂದು ಕುಂಬಳದಂತೆ ಗೆರೆಗೆರೆ, ಹಳದಿ, ಇನ್ನೊಂದು ನುಣುಪು, ಕಡುಕೆಂಪು. ಒಣಗಿ ಕಪ್ಪಾಗಿ ತುಂಡಾದ ಮೇಲೆ ಮಾತ್ರ ಕಷ್ಟ. ಏಪ್ರಿಲ್–ಮೇಯಲ್ಲಿ ಮರದಿಂದಲೇ ಕೊಯ್ದು, ಎಲೆ–ಹಣ್ಣು ಸಹಿತ ವೋಚರ್ (ಜಾತಿ ಗುರುತಿಸಲು ಕಾದಿಡುವ ಮಾದರಿ) ಮಾಡಿಟ್ಟುಕೊಳ್ಳಿ.

ಮೂರನೆಯದು ಎಲ್ಲಕ್ಕಿಂತ ದೊಡ್ಡದು, ಯಾರೂ ಹೇಳುವುದಿಲ್ಲ. ಸಿಪ್ಪೆ ಒಣಗುವುದು ಎಲ್ಲಿ? ಸೆಗಣಿ ಸಾರಿಸಿದ ಅಂಗಳದಲ್ಲಿ, ಅಡಿಕೆಯ ಪಕ್ಕ. ಸೆಗಣಿಯಲ್ಲಿ ಗ್ರಾಂ ನೆಗೆಟಿವ್ ಬ್ಯಾಕ್ಟೀರಿಯಾಕ್ಕೆ ಬರವಿಲ್ಲ. ಅವುಗಳ ಹೊರಪದರವೇ ನೀವು ಬಾಟಲಿಯಿಂದ ತೆಗೆದು ಹಾಕುವ ಎಲ್‌ಪಿಎಸ್. ಮಳೆ ಬಂದು ಬೂಷ್ಟು ಹಿಡಿದರೆ ಬೀಟಾ ಗ್ಲೂಕನ್ನೂ ಸೇರಿತು. ಆಟೋಕ್ಲೇವ್ ಮಾಡಿದೆ, 0.22 ಫಿಲ್ಟರ್ ಹಾಯಿಸಿದೆ ಎಂದರೆ ಬ್ಯಾಕ್ಟೀರಿಯಾ ಹೋಯಿತೇ ಹೊರತು ಎಂಡೋಟಾಕ್ಸಿನ್ (ಅದೇ ಎಲ್‌ಪಿಎಸ್) ಹೋಗಲಿಲ್ಲ. ಗಾಜಿನ ಸಾಮಾನಿಗೆ 250 ಡಿಗ್ರಿ ಒಣ ಬಿಸಿ ಅರ್ಧ ಗಂಟೆ ಕೊಡಬಹುದು, ಸಾರಕ್ಕೆ ಕೊಡಲಾಗುವುದಿಲ್ಲ.

ಹಾಗಾಗಿ ಸಾರ ಮಾತ್ರ, ಎಲ್‌ಪಿಎಸ್ ಇಲ್ಲದ ಸೆಲ್ ವೆಲ್ ಇರಲೇಬೇಕು. ಅಲ್ಲಿ ನೈಟ್ರೈಟ್ ಬಂದರೆ ಅದೇ ವೆಲ್ಲನ್ನು ಎಂಡೋಟಾಕ್ಸಿನ್‌ಗೆ ಅಂಟಿ ಅದನ್ನು ಸುಮ್ಮನಾಗಿಸುವ ಪಾಲಿಮಿಕ್ಸಿನ್ ಬಿ 10 ಮೈಕ್ರೋಗ್ರಾಂ/ಮಿ.ಲೀ. ಜತೆ ಪುನಃ ಮಾಡಿ. ಇಳಿದರೆ ಅಂಗಳದ ಕೊಡುಗೆ ಎಂದು ತಿಳಿಯಿರಿ. ಎಂಡೋಟಾಕ್ಸಿನ್ ಅಳೆಯುವ ಎಲ್‌ಎಎಲ್ ಕಿಟ್ ಬೀಟಾ ಗ್ಲೂಕನ್‌ಗೂ ಸ್ಪಂದಿಸುತ್ತದೆ, ಗ್ಲೂಕನ್ ತಡೆಯುವ ಬಫರ್ ಇರುವ ಕಿಟ್ ನೋಡಿ ಕೊಳ್ಳಿ. ತಲೆಕೆಳಗಾದ ಅಪಾಯವೂ ಉಂಟು: ಇಂಥ ಸಾರವನ್ನು ಹಿಂದಿನ ದಿನವೇ ಹಾಕಿಟ್ಟರೆ ಸೆಲ್‌ಗಳು ಎಂಡೋಟಾಕ್ಸಿನ್‌ಗೆ ಒಗ್ಗಿಹೋಗಿ, ಮರುದಿನದ ಎಲ್‌ಪಿಎಸ್‌ಗೆ ಟಿಎನ್‌ಎಫ್ ಆಲ್ಫಾ (ಉರಿಯೂತದ ಸಂಕೇತ ಪ್ರೋಟೀನ್) ಕಡಿಮೆ ಬಿಡುತ್ತವೆ. ನೋಡಿದವರಿಗೆ ಅದು ಭರ್ಜರಿ ಉರಿಯೂತ ನಿರೋಧ.

ನನ್ನ ಕೇಳಿದರೆ ಅಂಗಳ ಬಿಟ್ಟು ಸ್ಟೀಲ್ ಟ್ರೇಯಲ್ಲಿ, 40 ಡಿಗ್ರಿ ಓವನಿನಲ್ಲಿ ಒಣಗಿಸಿ. ಬೀಜ ತೆಗೆದು ತುಂಡು ಮಾಡಿದರೆ ಬೇಗ ಒಣಗುತ್ತದೆ.

---

ನೀರ್ಚಾಲು_ನೋಟ್ಸ್ ಉತ್ತರ:

ಹೆಕ್ಸೇನ್ ಸಾರದ ಬಗ್ಗೆ ಯಾರೂ ಮಾತೆತ್ತಲಿಲ್ಲ, ಅಲ್ಲಿಯೇ ವಿಷಯ ಇರುವುದು. ಅದರಲ್ಲಿರುವ ಮುಖ್ಯ ವಸ್ತು ಗಾರ್ಸಿನಾಲ್, ಅಣುತೂಕ 602.8. ಇದು ಪಿ300 ಮತ್ತು ಪಿಸಿಎಎಫ್ ಎಂಬ ಹಿಸ್ಟೋನ್ ಅಸಿಟೈಲ್‌ಟ್ರಾನ್ಸ್‌ಫರೇಸ್‌ಗಳನ್ನು (ಜೀನ್‌ಗಳು ಚಾಲೂ ಆಗಲು ನೆರವಾಗುವ ಕಿಣ್ವಗಳು) ತಡೆಯುತ್ತದೆ ಎಂದು 2004ರಲ್ಲಿ ತೋರಿಸಿದ್ದು ಬೆಂಗಳೂರಿನ ಜವಾಹರಲಾಲ್ ನೆಹರೂ ಕೇಂದ್ರದ ಪ್ರಯೋಗಾಲಯ. ಬರೀ ಬಣ್ಣದ ಆಟ ಎಂದು ತಳ್ಳಿಹಾಕುವ ವಸ್ತುವಲ್ಲ.

ಆದರೆ 130% ಎಂಟಿಟಿಯನ್ನು ನಂಬಬೇಡಿ. ಎಂಟಿಟಿ ನೇರಳೆಯಾಗುವುದು ಯಾರಾದರೂ ಅದನ್ನು ಅಪಕರ್ಷಿಸಿದಾಗ. ಸೆಲ್ಲೇ ಆಗಬೇಕೆಂದಿಲ್ಲ, ಫೀನಾಲೂ ಸಾಕು. ಖಾಲಿ ವೆಲ್ಲಿಗೆ ಸಾರ ಹಾಕಿ, 0.5 ಮಿ.ಗ್ರಾಂ/ಮಿ.ಲೀ. ಎಂಟಿಟಿ ಹಾಕಿ 3 ಗಂಟೆ ಬಿಡಿ. ನೇರಳೆ ಬಂದರೆ ನಿಮ್ಮ 130ರಲ್ಲಿ ಸತ್ತ ಸೆಲ್‌ಗಳೂ ಎಣಿಕೆಗೆ ಬಂದಿರಬಹುದು. ಸತ್ತ ಸೆಲ್ ನೈಟ್ರಿಕ್ ಆಕ್ಸೈಡ್ ಮಾಡುವುದಿಲ್ಲ, ಅದನ್ನು ಉರಿಯೂತ ನಿರೋಧ ಎಂದು ಬರೆದವರು ಕಡಿಮೆ ಇಲ್ಲ.

ಎಸ್‌ಆರ್‌ಬಿಗೆ ಬನ್ನಿ, ಅಂದರೆ ಸೆಲ್‌ಗಳ ಪ್ರೋಟೀನಿಗೆ ಬಣ್ಣ ಹಿಡಿಸಿ ಅಳೆಯುವ ಪರೀಕ್ಷೆಗೆ. ಕೊನೆಯ ಸಾಂದ್ರತೆ 10% ಬರುವಂತೆ ತಣ್ಣನೆಯ ಟ್ರೈಕ್ಲೋರೋಅಸಿಟಿಕ್ ಆಮ್ಲ, 4 ಡಿಗ್ರಿಯಲ್ಲಿ 1 ಗಂಟೆ. ಗೋಡೆಗೆ ತಾಗಿಸಿ ನಿಧಾನ ಇಳಿಸಿ. ರಾ ಸೆಲ್‌ಗಳು ಸಡಿಲ, ನೇರ ಸುರಿದರೆ ಎದ್ದುಹೋಗುತ್ತವೆ. ನೀರಿನಲ್ಲಿ ತೊಳೆದು ಒಣಗಿಸಿ, 1% ಅಸಿಟಿಕ್ ಆಮ್ಲದಲ್ಲಿ 0.4% ಬಣ್ಣ 30 ನಿಮಿಷ, ಅದೇ ಆಮ್ಲದಲ್ಲಿ ನಾಲ್ಕು ಸಲ ತೊಳೆದು, 10 ಮಿಲಿಮೋಲಾರ್ ಟ್ರಿಸ್‌ನಲ್ಲಿ ಕರಗಿಸಿ ಓದಿ.

ಡೋಸ್ ಹೇಗೆ ಆರಿಸಿದಿರಿ? ಗಾರ್ಸಿನಾಲ್ 5 ಮೈಕ್ರೋಮೋಲಾರ್ ಎಂದರೆ ಬರೀ 3 ಮೈಕ್ರೋಗ್ರಾಂ/ಮಿ.ಲೀ. ಹೆಕ್ಸೇನ್ ಸಾರವನ್ನು ಮೆಥನಾಲ್ ಸಾರದ ಹಾಗೆ 500ರವರೆಗೆ ಒಯ್ದರೆ ಅದು ಮೀಡಿಯಂನಲ್ಲಿ ಕರಗುವುದೇ ಇಲ್ಲ. 10ಎಕ್ಸ್ ಲೆನ್ಸಿನಲ್ಲಿ ನೋಡಿ: ಸೆಲ್‌ಗಳ ಮೇಲೆ ಎಣ್ಣೆಹನಿಯೋ ಸೂಜಿಯಂಥ ಹರಳೋ ಕಂಡರೆ ಅದಕ್ಕಿಂತ ಮೇಲಿನ ಡೋಸ್ ಪೂರ್ತಿ ಬಿಡಿ. ಸಾರ ಕರಗಿಸುವ ಡಿಎಂಎಸ್‌ಒ 0.1%ಕ್ಕಿಂತ ಹೆಚ್ಚು ಬೇಡ, ಎಲ್ಲ ವೆಲ್ಲಿಗೂ ಒಂದೇ ಪ್ರಮಾಣ.

ಬದುಕಿದ ಸೆಲ್‌ಗಳಲ್ಲೂ ನೈಟ್ರೈಟ್ ಇಳಿದರೆ ಆಗ ಕೇಳಬೇಕು: ನೈಟ್ರಿಕ್ ಆಕ್ಸೈಡ್ ಮಾಡುವ ಐಎನ್‌ಒಎಸ್ ಕಿಣ್ವ ಹುಟ್ಟಲೇ ಇಲ್ಲವೋ, ಹುಟ್ಟಿದ ಕಿಣ್ವದ ಕೈ ಕಟ್ಟಿತೋ, ಬಂದ ನೈಟ್ರಿಕ್ ಆಕ್ಸೈಡನ್ನು ಸಾರ ದಾರಿಯಲ್ಲೇ ಹಿಡಿಯಿತೋ? ಎಲ್‌ಪಿಎಸ್ ಮಾತ್ರ ಕೊಟ್ಟು 18 ಗಂಟೆ ಬಿಡಿ, ಕಿಣ್ವ ತಯಾರಾಗುತ್ತದೆ. ಮೀಡಿಯಂ ತೆಗೆದು, ಸಾರವಿರುವ ಹೊಸ ಮೀಡಿಯಂ ಹಾಕಿ 6 ಗಂಟೆ. ಈಗಲೂ ಇಳಿದರೆ ಕೊನೆಯ ಎರಡರಲ್ಲಿ ಒಂದು. ಇಳಿಯದಿದ್ದರೆ ತಡೆ ಕಿಣ್ವ ಹುಟ್ಟುವ ಹಂತದಲ್ಲೇ ಇದೆ. ಆಗ ವೆಸ್ಟರ್ನ್‌ನಲ್ಲಿ (ಪ್ರೋಟೀನನ್ನು ಪಟ್ಟಿಯಾಗಿ ತೋರುವ ಪರೀಕ್ಷೆ) ಐಎನ್‌ಒಎಸ್‌ನ 130 ಕಿಲೋಡಾಲ್ಟನ್ ಪಟ್ಟಿ ಮಾಸಿರಬೇಕು. ಕಂಟ್ರೋಲ್ ಎರಡೂ ಬೇಕು: ಡೆಕ್ಸಾಮೆಥಸೋನ್ 1 ಮೈಕ್ರೋಮೋಲಾರ್ ಕಿಣ್ವ ಹುಟ್ಟುವುದನ್ನು ತಡೆಯುತ್ತದೆ, ಎಲ್‌-ಎನ್‌ಐಎಲ್ ಕಿಣ್ವವನ್ನೇ.

---

ಬದಿಯಡ್ಕ_ಬೆಂಚು ಕೇಳಿದ್ದು:

ಮಧ್ಯೆ ಬಾಯಿ ಹಾಕುತ್ತೇನೆ. ಸೆಲ್ ಕಲ್ಚರ್ ಇಲ್ಲದ ಡಿಗ್ರಿ ಕಾಲೇಜುಗಳಲ್ಲಿ ಉರಿಯೂತ ನಿರೋಧ ಪರೀಕ್ಷೆ ಎಂದು ಮೊಟ್ಟೆ ಬಿಳಿಯನ್ನು 70 ಡಿಗ್ರಿಗೆ ಕಾಯಿಸಿ 660ರಲ್ಲಿ ಓದುವುದಷ್ಟೇ ಆಗುವುದು. ಅದೂ ಬೇಡವೋ?

---

ಚಂದ್ರಗಿರಿ_ತಟ ಉತ್ತರ:

ಮಾಡಿ, ಹೆಸರು ಮಾತ್ರ ಸರಿ ಕೊಡಿ: ಪ್ರೋಟೀನ್ ಕೆಡುವುದನ್ನು ತಡೆಯುವ ಪರೀಕ್ಷೆ. ಮನುಷ್ಯರ ಆಲ್ಬುಮಿನ್ ಔಷಧವನ್ನು 60 ಡಿಗ್ರಿಯಲ್ಲಿ 10 ಗಂಟೆ ಪಾಶ್ಚರೀಕರಿಸುವಾಗ ಅದು ಹೆಪ್ಪಾಗದಿರಲು ಸೋಡಿಯಂ ಕ್ಯಾಪ್ರಿಲೇಟ್ ಸೇರಿಸುತ್ತಾರೆ. ಕ್ಯಾಪ್ರಿಲೇಟನ್ನು ಯಾರೂ ಗಂಟುನೋವಿಗೆ ಕೊಡುವುದಿಲ್ಲ. ಉರಿಯೂತದ ಔಷಧ ಡೈಕ್ಲೋಫೆನಾಕ್ ಆಲ್ಬುಮಿನ್‌ಗೆ ಅಂಟಿ ಅದನ್ನು ಕಾಯುವುದು ಒಂದು, ಉರಿಯೂತದ ಕಿಣ್ವವಾದ ಸೈಕ್ಲೋಆಕ್ಸಿಜನೇಸ್ ತಡೆಯುವುದು ಇನ್ನೊಂದು.

ಪುನರ್ಪುಳಿಯಲ್ಲಿ ಇನ್ನೊಂದು ತೊಂದರೆ: ಬಫರ್ ತೆಳುವಾಗಿದ್ದರೆ ಪಿಎಚ್ 6.4ರಿಂದ ಕೆಳಗೆ ಜಾರುತ್ತದೆ. ಮೊಟ್ಟೆಯ ಆಲ್ಬುಮಿನ್ 4.5ರ ಹತ್ತಿರ ತಾನಾಗಿಯೇ ಕದಡಿ ಬೀಳುತ್ತದೆ. ಸಾರದ ಪಿಎಚ್ ಮೊದಲೇ 6.4ಕ್ಕೆ ತಂದು, ಕಾಯಿಸುವ ಮುಂಚೆಯೂ ಒಮ್ಮೆ 660 ಓದಿ.

---

ಪಳ್ಳತ್ತಡ್ಕ_ಪಿಪೆಟ್ ಮರಳಿ ಬರೆದದ್ದು:

ಜೋಡಿ ವೆಲ್ ಇಟ್ಟೆ. 500 ಮೈಕ್ರೋಗ್ರಾಂ ಸಾರದಲ್ಲಿ ಎನ್‌ಇಡಿ ಇಲ್ಲದೆಯೇ 0.12, ಕಣ್ಣಿಗೇ ಗುಲಾಬಿ. 0.31ರಿಂದ ಕಳೆದರೆ 0.19, ಸ್ಟ್ಯಾಂಡರ್ಡ್ ಪ್ರಕಾರ 25 ಮೈಕ್ರೋಮೋಲಾರ್. ಎಲ್‌ಪಿಎಸ್ ಮಾತ್ರದ್ದು 32. ಈಗ ಇಳಿಕೆ ಕಾಣುತ್ತಿದೆ! ರಿಕವರಿಯಲ್ಲಿ 32 ಹಾಕಿದ್ದಕ್ಕೆ 26 ಸಿಕ್ಕಿತು. ಸಾರ ಮಾತ್ರದ ಸೆಲ್ ವೆಲ್‌ನಲ್ಲಿ, ಬಣ್ಣ ಕಳೆದ ಮೇಲೆ, ಏನೂ ಇಲ್ಲ. ಇಳಿಕೆ 22% ಎಂದು ಬರೆಯಬಹುದೋ?

---

ಚಂದ್ರಗಿರಿ_ತಟ ಉತ್ತರ:

ಬೇಡ ಮಾರಾಯ್ರೆ. ರಿಕವರಿ 81%. ನಿಮ್ಮ 25ನ್ನು 0.81ರಿಂದ ಭಾಗಿಸಿ: 31. ಅತ್ತ 32. ಮೊದಲು ಕಂಡ ಏರಿಕೆ ಬಣ್ಣದ್ದು, ಈಗ ಕಂಡ ಇಳಿಕೆ ರೀಏಜೆಂಟಿನೊಳಗಿನ ಫೀನಾಲಿನದ್ದು. ಮೆಥನಾಲ್ ಸಾರಕ್ಕೆ 500ರವರೆಗೆ ನೈಟ್ರೈಟ್ ಮೇಲೆ ಪರಿಣಾಮವಿಲ್ಲ ಎಂದೇ ಬರೆಯಿರಿ, ಜೋಡಿ ವೆಲ್ಲಿನ ಅಂಕಿಗಳನ್ನೂ ಪಟ್ಟಿಯಲ್ಲಿ ಕೊಡಿ. ಅದೇ ಪ್ಲೇಟಿನ ಮೀಡಿಯಂ ಉಳಿದಿದ್ದರೆ ಮೈನಸ್ 80ಕ್ಕೆ ಹಾಕಿ, ಐಎಲ್-6 (ಇನ್ನೊಂದು ಉರಿಯೂತದ ಸಂಕೇತ ಪ್ರೋಟೀನ್) ಅನ್ನು ಆಂಟಿಬಾಡಿಯಿಂದ ಅಳೆಯುವ ಎಲೈಸಾಗೆ ಆಗುತ್ತದೆ. ಅದರಲ್ಲಿ ವೆಲ್ ತೊಳೆದ ಮೇಲೆಯೇ ಬಣ್ಣ ಬರುವುದರಿಂದ ಪುನರ್ಪುಳಿಯ ಕೆಂಪು ನೀರಿನೊಟ್ಟಿಗೆ ಸಿಂಕಿಗೆ ಹೋಗಿರುತ್ತದೆ.

---

ನೀರ್ಚಾಲು_ನೋಟ್ಸ್ ಉತ್ತರ:

ಎಲೈಸಾದಲ್ಲೂ ಒಂದು ರಿಕವರಿ ವೆಲ್ ಇಡಿ, ಟ್ಯಾನಿನ್ ಆಂಟಿಬಾಡಿಯನ್ನು ಹಿಡಿದುಕೊಂಡರೆ ಅಲ್ಲಿಯೂ ಇದೇ ಕಥೆ. ಹೆಕ್ಸೇನ್ ಸಾರಕ್ಕೆ 1, 2, 4, 8, 16 ಮೈಕ್ರೋಗ್ರಾಂ ಸಾಲು ಹಾಕಿ, ಗ್ರೀಸ್, ಎಸ್‌ಆರ್‌ಬಿ ಎರಡನ್ನೂ ಒಂದೇ ಪ್ಲೇಟಿನಿಂದ ಮಾಡಿ. ಮೀಡಿಯಂ ಎತ್ತಿ ಬೇರೆ ಪ್ಲೇಟಿಗೆ ಹಾಕಿದ ಮೇಲೆ ತಳದ ಸೆಲ್‌ಗಳು ಎಸ್‌ಆರ್‌ಬಿಗೆ ಸಿಗುತ್ತವೆ. ಹಾಂ, ಎನ್‌ಇಡಿ ದ್ರಾವಣ ಕಂದು ತಿರುಗಿದ್ದರೆ ಚೆಲ್ಲಿ ಹೊಸದು ಮಾಡಿ.