ನಕ್ಕಾಗೆಲ್ಲ ದನಿ ಒಡೆಯುತ್ತಿದೆ, ಆಡಿಯೋ ಲೆವೆಲ್ ಎಷ್ಟಕ್ಕೆ ಇಡಬೇಕು?

ಪ್ರಶ್ನೆ

ಕ್ಯಾಮೆರಾ ಮೇಲೆ ಶಾಟ್‌ಗನ್ ಮೈಕ್ (ಎದುರಿನ ದನಿಯನ್ನೇ ಹೆಚ್ಚಾಗಿ ಹಿಡಿಯುವ ಉದ್ದನೆಯ ಮೈಕ್) ಹಾಕಿ ಸಂದರ್ಶನ ಶೂಟ್ ಮಾಡುತ್ತಿದ್ದೇನೆ. ಮೊದಲು ಲೆವೆಲ್ ಆಟೋದಲ್ಲೇ (ಕ್ಯಾಮೆರಾ ತಾನೇ ಏರಿಸಿ ಇಳಿಸುವ ಹಾಗೆ) ಇಟ್ಟಿದ್ದೆ, ಮಾತು ನಿಂತ ಕೂಡಲೇ ಫ್ಯಾನ್ ಸದ್ದು ಸುಯ್ ಅಂತ ಮೇಲೇಳುತ್ತಿತ್ತು, ಮಾತು ಶುರುವಾದರೆ ಮತ್ತೆ ಅಡಗುತ್ತಿತ್ತು. ಸರಿ ಅಂತ ಮ್ಯಾನ್ಯುಯಲ್‌ಗೆ ಬಂದೆ. ಮಾತು ಮೀಟರ್‌ನಲ್ಲಿ ಮೈನಸ್ 10 ಡಿಬಿ (ಡೆಸಿಬೆಲ್) ಹತ್ತಿರ ಆಡುವ ಹಾಗೆ ಇಟ್ಟರೂ ಎದುರಿನವರು ಜೋರಾಗಿ ನಕ್ಕಾಗ ದನಿ ಪರಪರ ಅಂತ ಒಡೆದಿದೆ. ವಿಚಿತ್ರ ಅಂದರೆ ಮೀಟರ್ ಕೆಂಪಿಗೆ ಹೋಗಿದ್ದು ಕಾಣಲೇ ಇಲ್ಲ. ಎಡಿಟಿಂಗ್‌ನಲ್ಲಿ ವಾಲ್ಯೂಮ್ ಇಳಿಸಿದೆ, ಒಡೆದ ದನಿ ಸಣ್ಣಗಾಯಿತು ಅಷ್ಟೇ.

ಉತ್ತರ 1

ಇಳಿಸಿದರೆ ಸರಿಯಾಗುವುದಿಲ್ಲ, ಅಲೆಯ ತಲೆ ಕತ್ತರಿಸಿ ಹೋಗಿದೆ. ಡಿಜಿಟಲ್‌ನಲ್ಲಿ 0 ಡಿಬಿ ಅಂದರೆ ಚಾವಣಿ, ಅದರ ಮೇಲೆ ಜಾಗವೇ ಇಲ್ಲ. ಮಾತಿನ ಪೀಕ್ (ಅತಿ ಜೋರಾದ ಕ್ಷಣ) ಮೈನಸ್ 12ರ ಆಸುಪಾಸು ಇರಲಿ, ನಗು ಮೈನಸ್ 6 ದಾಟದಿದ್ದರೆ ನೆಮ್ಮದಿ. ಇನ್ನೊಂದು, "ಒನ್ ಟೂ ತ್ರೀ ಹೇಳಿ" ಅಂತ ಲೆವೆಲ್ ನೋಡಬೇಡಿ. ಎಲ್ಲರೂ ನಾಚಿಕೊಂಡು ಮೆತ್ತಗೆ ಹೇಳುತ್ತಾರೆ, ರೆಕಾರ್ಡಿಂಗ್ ಶುರುವಾದ ಮೇಲೆ ದನಿ ಏರುತ್ತದೆ. ನಾನು "ಇತ್ತೀಚೆಗೆ ಯಾರ ಮೇಲೆ ರೇಗಿದಿರಿ?" ಅಂತ ಕೇಳುತ್ತೇನೆ. ಆಗ ನಿಜವಾದ ದನಿ ಹೊರಗೆ ಬರುತ್ತದೆ 😄

ಉತ್ತರ 2

ಮೇಲಿನವರು ಹೇಳಿದ್ದು ಸರಿ, ಆದರೆ ಮೀಟರ್ ಕೆಂಪಾಗಿಲ್ಲ ಅಂತ ಬರೆದಿದ್ದೀರಲ್ವಾ, ಅಲ್ಲೇ ನನಗೆ ಅನುಮಾನ. ಎಡಿಟಿಂಗ್‌ನಲ್ಲಿ ವೇವ್‌ಫಾರ್ಮ್ (ದನಿಯ ಅಲೆಯ ಚಿತ್ರ) ಹಿಗ್ಗಿಸಿ ನೋಡಿ. ನಗುವಿನ ಜಾಗದಲ್ಲಿ ತಲೆ ಚಪ್ಪಟೆಯಾಗಿದ್ದೂ 0 ಮುಟ್ಟದೇ ಇದ್ದರೆ, ದನಿ ಒಡೆದಿರುವುದು ಲೆವೆಲ್ ಹೊಂದಿಸುವ ಜಾಗಕ್ಕಿಂತ ಮೊದಲೇ. ಅಂದರೆ ಮೈಕ್‌ನಲ್ಲೋ ಕ್ಯಾಮೆರಾದ ಇನ್‌ಪುಟ್‌ನಲ್ಲೋ. ಆಮೇಲೆ ಲೆವೆಲ್ ಎಷ್ಟು ಇಳಿಸಿದರೂ ಸುಮ್ನೆ. ಮೈಕ್ ಮೇಲೆ ಪ್ಲಸ್ 20 ಅಂತ, ದನಿಯನ್ನು 20 ಡಿಬಿ ಏರಿಸಿ ಕ್ಯಾಮೆರಾಗೆ ಕಳಿಸುವ ಸ್ವಿಚ್ ಇದೆಯಾ?

ಪ್ರಶ್ನೆ ಕೇಳಿದವರು

ಇದೆ. ಆನ್ ಆಗಿಯೇ ಇತ್ತು! ಯಾರೋ ವಿಡಿಯೋದಲ್ಲಿ "ಅದನ್ನು ಏರಿಸಿ ಕ್ಯಾಮೆರಾ ಲೆವೆಲ್ ಇಳಿಸಿದರೆ ಹಿಸ್ (ಕ್ಯಾಮೆರಾದ ಸುಸ್ ಸದ್ದು) ಕಮ್ಮಿ" ಅಂದಿದ್ದರು. ವೇವ್‌ಫಾರ್ಮ್ ಮೈನಸ್ 4ರಲ್ಲಿ ಇಸ್ತ್ರಿ ಹೊಡೆದ ಹಾಗೆ ಚಪ್ಪಟೆ.

ಉತ್ತರ 2

ಅವರು ಹೇಳಿದ್ದು ಸುಳ್ಳಲ್ಲ, ಮೆತ್ತಗೆ ಮಾತಾಡುವವರಿಗೆ ಅದು ಒಳ್ಳೆಯದೇ. ಗಟ್ಟಿ ದನಿಯವರಿಗೆ ಸ್ವಿಚ್ 0ಗೆ ತನ್ನಿ. ಹಿಸ್ ಕಾಡಿದರೆ ಮೈಕನ್ನೇ ಹತ್ತಿರ ತನ್ನಿ. ದೂರ ಅರ್ಧವಾದರೆ ದನಿ ಸುಮಾರು 6 ಡಿಬಿ ಏರುತ್ತದೆ, ಫ್ಯಾನ್ ಸದ್ದು ಮಾತ್ರ ಹೆಚ್ಚುಕಮ್ಮಿ ಇದ್ದಷ್ಟೇ ಇರುತ್ತದೆ. ಮತ್ತೆ, ಹೆಡ್‌ಫೋನ್ ಹಾಕಿಕೊಂಡೇ ಶೂಟ್ ಮಾಡಿ. ಇಂಥ ಒಡಕು ಕಿವಿಗೆ ಸಿಗುತ್ತದೆ, ಮೀಟರ್‌ಗೆ ಸಿಗುವುದಿಲ್ಲ.

ಪ್ರಶ್ನೆ ಕೇಳಿದವರು

ಹೆಡ್‌ಫೋನ್ ಬ್ಯಾಗಲ್ಲೇ ಇತ್ತು 🤦 ನಾಳೆ ಅವರನ್ನೇ ಮತ್ತೆ ಕೂರಿಸಿ ನಗಿಸಬೇಕು.