ಟ್ವಿನ್ ಪೀಕ್ಸ್ ಕೊನೇ ಎಪಿಸೋಡ್: ಕೂಪರ್ ಗೆದ್ನಾ, ಸೋತ್ನಾ? (ಪೂರ್ತಿ ಸ್ಪಾಯ್ಲರ್ ಇದೆ)

ಗೂಬೆಕಣ್ಣು:
ಮೊದ್ಲೇ ಹೇಳ್ಬಿಡ್ತೀನಿ, ಇದು ಟ್ವಿನ್ ಪೀಕ್ಸ್ ಅನ್ನೋ ಅಮೆರಿಕನ್ ಸೀರಿಯಲ್ಲಿನ, ಅಂದ್ರೆ ಲಾರಾ ಪಾಮರ್ ಅನ್ನೋ ಹುಡುಗಿ ಕೊಲೆನ ಎಫ್‌ಬಿಐ ಏಜೆಂಟ್ ಕೂಪರ್ ತನಿಖೆ ಮಾಡೋ ಕತೆಯ, 2017ರ ಮೂರನೇ ಸೀಸನ್ನಿನ 17 ಮತ್ತು 18ನೇ ಪಾರ್ಟ್ ಬಗ್ಗೆ, ನೋಡ್ದೇ ಇರೋರು ದಯವಿಟ್ಟು ಇಲ್ಲಿಂದಾನೇ ಹೊರಡಿ, ಆಮೇಲೆ ನನ್ನ ಬೈಬೇಡಿ.

ಎರಡನ್ನೂ ಬೆನ್ನುಬೆನ್ನಿಗೆ ನೋಡಿ ಮುಗಿಸ್ದೆ. 17 ಮುಗಿದಾಗ ನಂಗೆ ಯಾವ ತಕರಾರೂ ಇರ್ಲಿಲ್ಲ. ಕೂಪರ್ ರೂಪದಲ್ಲೇ ಓಡಾಡ್ತಿದ್ದ ಕೆಟ್ಟ ಕೂಪರ್ ಸತ್ತ, ಅದೂ ಯಾರ ಕೈಯಲ್ಲಿ, ಮೊಬೈಲ್ ಹೆಂಗೆ ಕೆಲ್ಸ ಮಾಡುತ್ತೆ ಅಂತಾನೇ ಗೊತ್ತಾಗ್ದೆ ಇಷ್ಟು ದಿನ ಒದ್ದಾಡ್ತಿದ್ದ ಶೆರಿಫ್ ಆಫೀಸ್ ರಿಸೆಪ್ಶನಿಸ್ಟ್ ಲೂಸಿ ಕೈಯಲ್ಲಿ! ಬಾಬ್ ಅನ್ನೋ ದೆವ್ವಾನ ಆ ಹಸಿರು ಗ್ಲೌಸಿನ ಹುಡುಗ ಗುದ್ದಿ ಗುದ್ದಿ ಪುಡಿ ಮಾಡ್ದ. ಆಮೇಲೆ ನಮ್ ಕೂಪರ್ ಲಾರಾ ಕೊಲೆಯಾದ 1989ರ ಫೆಬ್ರವರಿ ರಾತ್ರಿಗೆ ವಾಪಸ್ ಹೋಗಿ ಕಾಡಲ್ಲಿ ಲಾರಾ ಕೈ ಹಿಡ್ಕೊಂಡು ಕರ್ಕೊಂಡು ಬರ್ತಾನೆ, ಬೆಳಿಗ್ಗೆ, ಮೊದಲ ಎಪಿಸೋಡಲ್ಲಿ ಹೆಣ ನೋಡಿದ್ದ ಪೀಟ್ ಮೀನು ಹಿಡಿಯೋಕೆ ಹೋದ್ರೆ ದಡದಲ್ಲಿ ಪ್ಲಾಸ್ಟಿಕ್ ಸುತ್ತಿದ ಹೆಣಾನೇ ಇಲ್ಲ. ಮೈ ಜುಮ್ ಅಂತು. ಮಧ್ಯದಲ್ಲಿ ಲಾರಾ ಕಿರುಚಿ ಮಾಯ ಆಗ್ತಾಳೆ ನಿಜ, ಆದ್ರೂ ಏನೋ ಒಂದು ದಡ ಸೇರ್ತು ಅನ್ನಿಸ್ತು.

18 ಶುರು ಆದ್ಮೇಲೆ ನಾನು ನೋಡ್ತಿರೋದು ಅದೇ ಸೀರಿಯಲ್ಲಾ ಅಂತ ಡೌಟ್ ಬಂತು. ಕೂಪರು, ಅವನ ಹಳೇ ಸೆಕ್ರೆಟರಿ ಡಯೇನು ಕಾರಲ್ಲಿ 430 ಮೈಲಿ ಹೋಗಿ ಯಾವುದೋ ಗೆರೆ ದಾಟ್ತಾರೆ, ಮೋಟೆಲ್ಲಲ್ಲಿ ಮಲಗ್ತಾರೆ, ಬೆಳಿಗ್ಗೆ ಎದ್ರೆ ಮೋಟೆಲ್ಲೇ ಬೇರೆ, ಕಾರೇ ಬೇರೆ, ಡಯೇನ್ ಇಲ್ಲ, ಬದಲಿಗೆ ರಿಚರ್ಡ್‌ಗೆ ಅಂತ ಲಿಂಡಾ ಬರೆದಿಟ್ಟ ಚೀಟಿ. ಟೆಕ್ಸಾಸ್‌ನ ಒಡೆಸ್ಸಾದಲ್ಲಿ ಲಾರಾ ಥರಾನೇ ಇರೋ ಕ್ಯಾರಿ ಪೇಜ್ ಸಿಗ್ತಾಳೆ, ಅವಳ ಹಾಲ್‌ನಲ್ಲಿ ಒಂದು ಹೆಣ ಕೂತಿದೆ, ಎಫ್‌ಬಿಐ ಏಜೆಂಟ್ ಅದನ್ನ ನೋಡಿ ಒಂದ್ ಮಾತೂ ಆಡಲ್ಲ!! ಅವಳನ್ನ ಕೂರಿಸ್ಕೊಂಡು ಅಷ್ಟು ದೂರ ವಾಷಿಂಗ್ಟನ್ ರಾಜ್ಯದವರೆಗೆ ಡ್ರೈವ್ ಮಾಡಿ ಪಾಮರ್ ಮನೆ ಬಾಗಿಲು ತಟ್ಟಿದ್ರೆ ಅಲ್ಲಿ ಯಾರೋ ಬೇರೆ ಹೆಂಗಸು. ಕೊನೆಗೆ ರೋಡಲ್ಲಿ ನಿಂತು ಇದು ಯಾವ ವರ್ಷ ಅಂತ ಕೇಳ್ತಾನೆ, ಅವಳು ಕಿರುಚ್ತಾಳೆ, ಲೈಟ್ ಆಫ್, ಶುಭಂ.

ಈಗ ಹೇಳಿ, ಇದು ಗೆಲುವಾ ಸೋಲಾ? 17ನೇದು ಎಂಡಿಂಗ್ ಆದ್ರೆ 18 ಯಾಕೆ ಬೇಕಿತ್ತು? ಯೂಟ್ಯೂಬ್ ಲಿಂಕ್ ಹಾಕ್ಬೇಡಿ ಪ್ಲೀಸ್, ನಾಲ್ಕೂವರೆ ಗಂಟೆ ವಿವರಣೆ ಕೇಳೋ ತಾಳ್ಮೆ ಇಲ್ಲ, ನಿಮಗೆ ಏನನ್ನಿಸ್ತು ಅಷ್ಟು ಹೇಳಿ ಸಾಕು.

ಮೂರನೇಪರದೆ:
ಗುರು, ಪಾರ್ಟ್ 1ರ ಮೊದಲ ಸೀನ್ ಮತ್ತೆ ನೋಡು. ಕಪ್ಪು ಬಿಳುಪಲ್ಲಿ ಆ ದೈತ್ಯ ಕೂಪರ್‌ಗೆ ಮೂರು ವಿಷಯ ಹೇಳ್ತಾನೆ: 430 ನೆನಪಿಟ್ಕೋ, ರಿಚರ್ಡ್ ಮತ್ತು ಲಿಂಡಾ, ಒಂದೇ ಕಲ್ಲಿಗೆ ಎರಡು ಹಕ್ಕಿ. ಅಂದ್ರೆ 18ರಲ್ಲಿ ಆಗಿದ್ದು ಆಕ್ಸಿಡೆಂಟ್ ಅಲ್ಲ, ಪ್ಲಾನು. 17ರ ಶುರುವಲ್ಲೇ ಕೂಪರ್‌ನ ಎಫ್‌ಬಿಐ ಬಾಸ್ ಗಾರ್ಡನ್ ಕೋಲ್ ಬಾಯಿ ಬಿಡ್ತಾನಲ್ಲ, ಮೇಜರ್ ಬ್ರಿಗ್ಸ್, ಕೂಪರ್, ತಾನು ಮೂರು ಜನ ಸೇರಿ ಜೂಡಿ ಅನ್ನೋ ಆ ದುಷ್ಟಶಕ್ತಿನ ಹಿಡಿಯೋಕೆ ಸ್ಕೆಚ್ ಹಾಕಿದ್ವಿ ಅಂತ. ಒಂದು ಹಕ್ಕಿ ಲಾರಾನ ಉಳಿಸೋದು, ಇನ್ನೊಂದು ಜೂಡಿನ ಮುಗಿಸೋದು. ಜೂಡಿ ಇರೋದು ಲಾರಾಳ ಅಮ್ಮ ಸಾರಾ ಪಾಮರ್ ಒಳಗೆ ಅಂತ ಬಾರ್ ಸೀನ್ ನೋಡಿದ ಯಾರಿಗಾದ್ರೂ ಗೊತ್ತಾಗುತ್ತೆ, ಮುಖಾನೇ ಮುಚ್ಚಳ ತೆಗೆದಂಗೆ ತೆಗೀತಾಳಲ್ಲ ಮಾರಾಯಾ. ಹಂಗಾಗಿ ಲಾರಾನ ಬೇರೆ ಲೋಕದಲ್ಲಿ ಬಚ್ಚಿಟ್ಟು, ಟೈಮ್ ಬಂದಾಗ ಅದೇ ಮನೆ ಮುಂದೆ ತಂದು ನಿಲ್ಸೋದೇ ಕೆಲ್ಸ. ಅವಳು ಕಿರುಚಿದಾಗ ಮನೆ ಕರೆಂಟೆಲ್ಲಾ ಢಮಾರ್ ಅಂತಲ್ಲ, ಅಲ್ಲಿಗೆ ಜೂಡಿ ಕತೆ ಮುಗೀತು. ನನ್ನ ಪ್ರಕಾರ ಗೆಲುವು, ಗೆದ್ದಿದ್ದು ಕೂಪರ್‌ಗೆ ಗೊತ್ತಾಗ್ಲಿಲ್ಲ ಅಷ್ಟೇ.

ಹಳೇವಿಸಿಆರ್:
ಈ ಬಲೆ ಥಿಯರಿ ನಂಗೆ ಯಾಕೋ ಒಪ್ಪಿಗೆ ಆಗಲ್ಲ. ಗೆದ್ದವನ ಮುಖ ಅಲ್ಲ ಅದು. ಆ ಕೊನೇ ನಿಮಿಷ ಸೌಂಡ್ ಮ್ಯೂಟ್ ಮಾಡಿ ಬರೀ ಕೂಪರ್ ಪಾತ್ರ ಮಾಡಿರೋ ಕೈಲ್ ಮೆಕ್‌ಲಾಕ್ಲನ್ ಮೈ ನೋಡಿ, ಮೆಟ್ಟಿಲು ಇಳಿದು ರೋಡಿಗೆ ಬಂದು ನಿಂತು ತಿರುಗಿ ಮನೆ ಕಡೆ ನೋಡ್ತಾನೆ, ಎರಡು ಹೆಜ್ಜೆ ಮುಂದೆ ಇಡ್ತಾನೆ, ಭುಜ ಇಳಿದಿದೆ, ಕೈ ಎಲ್ಲಿಡ್ಬೇಕು ಅಂತ ಗೊತ್ತಾಗ್ತಿಲ್ಲ. 1990ರಲ್ಲಿ ಕಾಫಿ ಕುಡಿದು ಥಂಬ್ಸ್ ಅಪ್ ತೋರಿಸ್ತಿದ್ದ ಮನುಷ್ಯ ಅವನು.

ಮತ್ತೆ 17 ಯಾಕೆ ಎಂಡಿಂಗ್ ಅಲ್ಲ ಅನ್ನೋದಕ್ಕೆ ಸ್ವಲ್ಪ ಹಿಂದೆ ಹೋಗ್ಬೇಕು, ಉದ್ದ ಆಗುತ್ತೆ, ಸಹಿಸ್ಕೊಳಿ. 1990ರ ಏಪ್ರಿಲ್ 8ಕ್ಕೆ ಎಬಿಸಿ ಚಾನೆಲ್ಲಲ್ಲಿ ಇದು ಶುರು ಆದಾಗ ಅಮೆರಿಕಾದಲ್ಲಿ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ, ಲಾರಾನ ಕೊಂದಿದ್ದು ಯಾರು. ಜನ ಟೇಪ್ ಮಾಡ್ಕೊಂಡು ಪಾಜ್ ಮಾಡಿ ಮಾಡಿ ನೋಡಿ ಯೂಸ್‌ನೆಟ್ ಅನ್ನೋ ಆಗಿನ ಆನ್‌ಲೈನ್ ಚರ್ಚಾ ಜಾಲದಲ್ಲಿ ಕಿತ್ತಾಡ್ತಿದ್ರು, ಈಗ ನಾವು ಮಾಡ್ತಿರೋದನ್ನೇ. ಡೈರೆಕ್ಟರ್ ಡೇವಿಡ್ ಲಿಂಚ್‌ಗೆ ಆ ಉತ್ತರ ಕೊಡೋ ಮನಸ್ಸೇ ಇರ್ಲಿಲ್ಲ, ಚಾನೆಲ್ ಬಿಡ್ಲಿಲ್ಲ. 1990ರ ನವೆಂಬರ್ 10ರ ಎಪಿಸೋಡಲ್ಲಿ ಅಪ್ಪ ಲೀಲಂಡ್ ಒಳಗೆ ಬಾಬ್ ಇದಾನೆ ಅಂತ ತೋರಿಸಿಬಿಟ್ರು, ಅಲ್ಲಿಂದ ಸೀರಿಯಲ್ ಇಳಿಜಾರಿಗೆ ಬಿತ್ತು, 1991ರ ಜೂನ್ 10ಕ್ಕೆ ಬಾಗಿಲು ಹಾಕಿದ್ರು. ಉತ್ತರ ಸಿಕ್ಕಿದ ಕೂಡ್ಲೇ ಜನ ಲಾರಾನ ಮರ್ತೇಬಿಟ್ರು, ನೋಡಿ ಅದು ವಿಷಯ. ಆ ಹುಡುಗಿ ಮನೆಯೊಳಗೇ ಏನು ಅನುಭವಿಸಿದ್ಲು ಅನ್ನೋದು ಯಾರಿಗೂ ಬೇಡವಾಗಿತ್ತು.

ಈಗ 17ರಲ್ಲಿ ಕೂಪರ್ ಮಾಡೋದೇನು? ಕೊಲೆನೇ ಅಳಿಸಿ ಹಾಕ್ತಾನೆ. ಪೈಲಟ್‌ನ ಮೊದಲ ಶಾಟ್‌ಗಳನ್ನೇ ತಂದು ಹೆಣ ಇಲ್ದಂಗೆ ಮಾಡಿ ತೋರಿಸ್ತಾರೆ. ಹೆಣ ಇಲ್ಲ ಅಂದ್ರೆ ಕೂಪರ್ ಆ ಊರಿಗೆ ಬರೋದೇ ಇಲ್ಲ, ಸೀರಿಯಲ್ಲೇ ಇಲ್ಲ. ಕೊಲೆ ತಪ್ಪಿತು ಸರಿ, ಅಪ್ಪ ಅವಳ ಮೇಲೆ ನಡೆಸಿದ ದೌರ್ಜನ್ಯ ತಪ್ಪಿತಾ? ಅದು ಅದಕ್ಕೂ ಎಷ್ಟೋ ವರ್ಷ ಹಿಂದಿನದ್ದು. ಹೆಸರು, ಊರು, ನೆನಪು ಎಲ್ಲಾ ಬದಲಾದ್ರೂ ಕ್ಯಾರಿಗೆ ಆ ಮನೆ ಮುಂದೆ ನಿಂತಾಗ ಮೈಗೆ ಗೊತ್ತಾಗಿಬಿಡುತ್ತೆ. 17 ಪ್ರೇಕ್ಷಕರಿಗೆ ಬೇಕಾದ ಎಂಡಿಂಗು, 18 ಲಾರಾಗೆ ಸೇರಿದ್ದು.

ಇನ್ನೊಂದು, 17ರ ಕೊನೆಗೆ ಜೂಲಿ ಕ್ರೂಸ್ ಹಾಡ್ತಾಳಲ್ಲ, ಅದೇ ಹಾಡನ್ನ ಆ ನವೆಂಬರ್ 10ರ ಎಪಿಸೋಡಲ್ಲೂ ಕೊಲೆಗಾರ ಯಾರು ಅಂತ ಗೊತ್ತಾದ ರಾತ್ರಿ ಊರಿನ ಬಾರ್ ಆದ ರೋಡ್‌ಹೌಸಲ್ಲಿ ಹಾಡಿದ್ಲು. ಸುಮ್ನೆ ಇಟ್ಟಿರೋದಲ್ಲ.

ಬಿಸಿಲುಕುದ್ರಿ:
ಎಲ್ಲಾ ಸರಿ ಅಣ್ಣಾರ, ಭಾಳ ಚಂದ ಬರದೀರಿ, ಆದ್ರ ನನಗೊಂದ್ ಹೇಳ್ರಿ, ಹಳೇ ಸೀಸನ್ನಿನ ಆ ಹುಡುಗಿ ಆಡ್ರಿ ಏನಾದ್ಳು? 16ನೇದ್ರಾಗ ರೋಡ್‌ಹೌಸ್‌ನಾಗ ಡ್ಯಾನ್ಸ್ ಮಾಡ್ತಾಳ, ಜಗಳ ಶುರು ಆಗ್ತೈತಿ, ಇಲ್ಲಿಂದ ಕರ್ಕೊಂಡ್ ಹೋಗು ಅಂತ ಓಡಿ ಬರ್ತಾಳ, ಫಟ್ ಅಂತ ಬೆಳ್ಳಗಿನ ಕೋಣ್ಯಾಗ ಕನ್ನಡಿ ಮುಂದ. ಮುಗೀತು! ಮುಂದಿನ ಎರಡು ತಾಸಿನಾಗ ಆಕಿ ಹೆಸರೇ ಇಲ್ಲ. ಶೆಲ್ಲಿ ಮಗಳು ಬೆಕ್ಕಿ ಬದುಕ್ಯಾಳೋ ಸತ್ತಾಳೋ ಅದೂ ಗೊತ್ತಿಲ್ಲ. ಮೂರನೇ ಪಾರ್ಟಿನಿಂದ ಹದಿನಾರನೇದರ ತನಕ ಕೂಪರ್ ಮಂಕಾಗಿ ಡೌಗಿ ಅನ್ನಾಂವನ ಮನ್ಯಾಗ ಅವನ ಜಾಗದಾಗ ಇರ್ತಾನ, ಡೌಗಿ ಡೌಗಿ ಅಂತ ಕಾದು ಕಾದು, ಕೂಪರ್ ಎದ್ದು ಕೂತಾಗ ನಾ ಕುರ್ಚಿ ಬಿಟ್ಟು ಎದ್ದು ಕುಣದೀನಿ, ಎಲ್ಲಾ ಅವನ ಒಂದು ಎಪಿಸೋಡ್ ಸಲುವಾಗಿ. ಆಮ್ಯಾಲ 18ರಾಗ ಬರ್ತಾನಲ್ಲ ಅವ ಅರ್ಧ ಕೂಪರ್, ಅರ್ಧ ಆ ಕೆಟ್ಟವ. ಹೋಟೆಲ್‌ನಾಗ ಮೂರು ಮಂದಿ ಕೌಬಾಯ್‌ಗಳ ಜೋಡಿ ಜಗಳ ಮಾಡಿ ಅವರ ಪಿಸ್ತೂಲು ಕಾಯ್ದ ಎಣ್ಯಾಗ ಹಾಕ್ತಾನ, ಗುಂಡು ಹಾರಬಹುದು ಸರಕೊಳ್ರಿ ಅಂತ ಅಡಿಗಿ ಮಾಡಾಂವಗ ತಣ್ಣಗ ಹೇಳ್ತಾನ. ನಮ್ಮ ಹಳೇ ಕೂಪರ್ ಆಗಿದ್ರ ಮೊದ್ಲು ಕಾಫಿ ಚೊಲೋ ಐತಿ ಅಂತಿದ್ದ.

ಮತ್ತ ಆ ರಾತ್ರಿ ಡ್ರೈವು. ಕತ್ತಲಿ, ಹೆಡ್‌ಲೈಟು, ಕತ್ತಲಿ, ಹೆಡ್‌ಲೈಟು. ಹಿಂದ ಒಂದು ಗಾಡಿ ಬಂತು, ಯಾರೋ ಫಾಲೋ ಮಾಡಾಕತ್ಯಾರೇನು ಅಂತ ಕ್ಯಾರಿ ಕೇಳ್ತಾಳ, ಅದು ಮುಂದ ಹೋತು, ಏನೂ ಆಗ್ಲಿಲ್ಲ. ಕೊನೇ ಎಪಿಸೋಡ್‌ನಾಗ ಪೆಟ್ರೋಲ್ ಹಾಕಿಸೋದು ತೋರಿಸೂದೇನ್ರಿ!

ಕಿವಿಗೊಟ್ಟವ:
ಬಿಸಿಲುಕುದ್ರಿ ಅವ್ರೇ ಆಡ್ರಿ ವಿಷಯದಲ್ಲಿ ನಿಮ್ ಜೊತೆ ನಾನೂ ಇದೀನಿ, ಆದ್ರೆ ಆ ಡ್ರೈವ್ ನಂಗೆ ಇಡೀ ಸೀಸನ್ನಲ್ಲೇ ಬೆಸ್ಟು. ಹೆಡ್‌ಫೋನ್ ಹಾಕ್ಕೊಂಡು ಲೈಟ್ ಆರಿಸಿ ನೋಡಿ ಒಂದ್ಸಲ. ಮ್ಯೂಸಿಕ್ ಇಲ್ಲ, ಬರೀ ಟೈರ್ ಸದ್ದು, ಆ ಪೆಟ್ರೋಲ್ ಬಂಕು ಕೂಡ ನಿಜವಾದ ವಲೇರೋ ಬಂಕು, ಸೆಟ್ ಅಲ್ಲ. ಟ್ವಿನ್ ಪೀಕ್ಸ್ ಲೋಕದ ಆ ಕೆಂಪು ಕರ್ಟನ್, ಸಂಗೀತ ನಿರ್ದೇಶಕ ಬಡಾಲಮೆಂಟಿ ಟ್ಯೂನು ಎಲ್ಲಾ ಕಳಚಿಕೊಂಡು ನಮ್ಮ ನಿಮ್ಮ ಲೋಕಕ್ಕೆ ಬಂದ ಹಾಗೆ. ಕೊನೆಗೆ ಬಾಗಿಲು ತೆಗಿಯೋ ಹೆಂಗಸು ನಟಿ ಅಲ್ಲ, ವಾಷಿಂಗ್ಟನ್ ರಾಜ್ಯದ ಎವರೆಟ್‌ನಲ್ಲಿರೋ ಆ ಮನೆಯ ನಿಜವಾದ ಓನರ್ರು! ತನ್ನ ಹೆಸರು ಟ್ರೆಮಂಡ್, ಮನೆ ಕೊಂಡಿದ್ದು ಚಾಲ್‌ಫಂಟ್ ಅನ್ನೋರಿಂದ ಅಂತಾಳೆ, ಆ ಎರಡೂ ಹೆಸರು ಹಳೇ ಸೀಸನ್ ಮತ್ತು ಇದೇ ಕತೆಯ 1992ರ ಸಿನಿಮಾದಲ್ಲಿ ಬರೋ ಆ ವಿಚಿತ್ರ ಅಜ್ಜಿ ಮೊಮ್ಮಗನ ಜೋಡಿದು. ಅಂದ್ರೆ ನಿಜದ ಲೋಕ ಅನ್ನೋಕೂ ಬಿಡಲ್ಲ ಪುಣ್ಯಾತ್ಮ.

ಸೌಂಡ್ ಬಗ್ಗೆ ಹೇಳ್ಲೇಬೇಕು. ಪಾರ್ಟ್ 1ರಲ್ಲಿ ಆ ದೈತ್ಯ ಗ್ರಾಮಫೋನ್ ಕಡೆ ಕೈ ತೋರಿಸಿ ಈ ಸದ್ದು ಕೇಳಿಸ್ಕೋ ಅಂತಾನೆ, ಹುಳ ಕೆರೆದಂಗೆ ಕರ್ ಕರ್ ಅಂತ ಬರುತ್ತೆ, ಆಗ ತಲೆಬುಡ ಅರ್ಥ ಆಗಲ್ಲ. 17ರಲ್ಲಿ ಕಾಡಲ್ಲಿ ಲಾರಾ ಕೈ ಕೂಪರ್ ಕೈಯಿಂದ ಜಾರೋ ಮುಂಚೆ ಬರೋದು ಅದೇ ಸದ್ದು. ಅವನು ತಿರುಗಿ ನೋಡಿದ್ರೆ ಕೈ ಖಾಲಿ, ಆಮೇಲೆ ಕಿರುಚಾಟ. 18ರ ಕೊನೆಗೆ ಮನೆಯೊಳಗಿಂದ ತುಂಬಾ ಸಣ್ಣಗೆ ಲಾರಾ ಅಂತ ಕರೆಯೋ ದನಿ ಬರುತ್ತಲ್ಲ, ಅದು ಪೈಲಟ್ಟಲ್ಲಿ ಮಗಳು ಇನ್ನೂ ಎದ್ದಿಲ್ಲ ಅಂತ ಸಾರಾ ಬೆಳಿಗ್ಗೆ ಕೂಗ್ತಾಳಲ್ಲ ಅದೇ ಕೂಗು. ಟಿವಿ ಸ್ಪೀಕರಲ್ಲಿ ಇದು ಮಿಸ್ ಆಗೋ ಚಾನ್ಸ್ ಜಾಸ್ತಿ, ಮಿಸ್ ಆದ್ರೆ ಅವಳು ಯಾಕೆ ಕಿರುಚಿದ್ಲು ಅಂತಾನೇ ಗೊತ್ತಾಗಲ್ಲ.

ಮೋಟೆಲ್ ಸೀನಲ್ಲಿ ಬರೋ ಪ್ಲಾಟರ್ಸ್ ತಂಡದ ಹಾಡು ಪಾರ್ಟ್ 8ರಲ್ಲಿ ರೇಡಿಯೋದಲ್ಲಿ ಬಂದಿದ್ದೇ, ಆ ಬೆಂಕಿ ಕೇಳೋ, ಮೈಗೆಲ್ಲಾ ಮಸಿ ಮೆತ್ತಿರೋ ಮನುಷ್ಯ ರೇಡಿಯೋ ಸ್ಟೇಷನ್ನಿಗೆ ನುಗ್ಗೋ ಮುಂಚೆ. ಪ್ರೀತಿಯ ಹಾಡು, ಎರಡು ಕಡೆನೂ ಅನಿಷ್ಟಾನೇ ಆಗೋದು.

ಮೂರನೇಪರದೆ:
ಇದೇ ಸಂದರ್ಭದಲ್ಲಿ ಯಾರಾದ್ರೂ 17 ಮತ್ತು 18ನ ಒಟ್ಟಿಗೆ ಪ್ಲೇ ಮಾಡಿ ನೋಡಿದೀರಾ? ಎರಡು ಸ್ಕ್ರೀನಲ್ಲಿ ಒಂದೇ ಟೈಮಿಗೆ ಶುರು ಮಾಡಿದ್ರೆ ಸೀನ್‌ಗೆ ಸೀನ್ ಮ್ಯಾಚ್ ಆಗುತ್ತೆ, ಇಲ್ಲಿ ಕೇಳಿದ ಪ್ರಶ್ನೆಗೆ ಅಲ್ಲಿ ಉತ್ತರ ಬರುತ್ತೆ ಅಂತ ಫ್ಯಾನ್ಸ್ ಒಂದು ದೊಡ್ಡ ಥಿಯರಿನೇ ಮಾಡಿದಾರೆ.

ಹಳೇವಿಸಿಆರ್:
ನೋಡಿದೀನಿ. ಯಾವ ಎರಡು ಎಪಿಸೋಡ್ ಒಟ್ಟಿಗೆ ಹಾಕಿದ್ರೂ ಅಲ್ಲಲ್ಲಿ ತಾಳೆ ಆಗೇ ಆಗುತ್ತೆ, ಕಣ್ಣು ಹುಡುಕ್ತಾ ಇರುತ್ತಲ್ಲ. ಅದಕ್ಕಿಂತ 17ರಲ್ಲಿ ಶೆರಿಫ್ ಆಫೀಸ್ ಸೀನಲ್ಲಿ ಇಡೀ ಸ್ಕ್ರೀನ್ ಮೇಲೆ ಕೂಪರ್ ಮುಖ ನೆರಳಿನ ಥರ ತೇಲ್ತಾ ಇರುತ್ತೆ, ಗಡಿಯಾರ 2:53 ದಾಟೋಕೇ ಆಗ್ದೆ ಅಲ್ಲೇ ಮಿಣಮಿಣ ಅಂತಿರುತ್ತೆ, ಅದನ್ನ ನೋಡಿ. ಎಲ್ಲರೂ ಖುಷಿಯಾಗಿರೋ ಆ ಗೆಲುವಿನ ಸೀನೇ ಕನಸು ಅಂತ ಅಲ್ಲೇ ಹೇಳಿಬಿಟ್ಟಿದಾನೆ ಲಿಂಚು. ನಾವು ಕುಣೀತಾ ಇದ್ವಿ, ಕೇಳಿಸ್ಕೊಳ್ಲಿಲ್ಲ.

ಗೂಬೆಕಣ್ಣು:
ಆ ಮುಖ ಎಡಿಟಿಂಗ್ ಸ್ಟೈಲ್ ಇರ್ಬೇಕು ಅನ್ಕೊಂಡೆ ಸರ್, ಎಷ್ಟು ಹೊತ್ತು ಇರುತ್ತೆ ಅದು! ಈಗ ತಿರುಗಿ ನೋಡ್ಲೇಬೇಕು. ಆದ್ರೂ ಲಾರಾಗೆ ಸೇರಿದ ಎಂಡಿಂಗ್ ಅಂದ್ರಲ್ಲ, ಅದರಲ್ಲಿ ನಂಗೊಂದು ತಕರಾರಿದೆ. ಒಡೆಸ್ಸಾದಲ್ಲಿ ಆ ಹುಡುಗಿ ಹೆಂಗೋ ಒಂದು ಜೀವನ ಮಾಡ್ಕೊಂಡಿದ್ಲು, ಹಾಲಲ್ಲಿ ಹೆಣ ಇತ್ತು ಅನ್ನೋದು ಬಿಡಿ, ಅವಳಿಗೆ ಏನೂ ನೆನಪಿರ್ಲಿಲ್ಲ. ಯಾರೋ ಕೋಟು ಹಾಕ್ಕೊಂಡವನು ಬಂದು ನಿನ್ನ ನಿಮ್ಮಮ್ಮನ ಮನೆಗೆ ಕರ್ಕೊಂಡ್ ಹೋಗ್ತೀನಿ ಅಂತ ಎಳ್ಕೊಂಡು ಬಂದು ಅದೇ ಮನೆ ಮುಂದೆ ನಿಲ್ಲಿಸಿದ. ಅವಳನ್ನ ಕೇಳ್ದೋರು ಯಾರು? ಈ ಮನುಷ್ಯನಿಗೆ ಕಾಪಾಡೋ ಚಟ. ಡೌಗಿ ಮನೆಗೆ ಮಾತ್ರ ಇನ್ನೊಂದು ಡೌಗಿ ಮಾಡಿಸಿ ಕಳ್ಸಿದ, ಆ ಕೆಂಪು ಬಾಗಿಲಲ್ಲಿ ಹೆಂಡತಿ ಮಗ ತಬ್ಬಿಕೊಂಡಿದ್ದೇ ಇಡೀ 18ರಲ್ಲಿ ಸಿಕ್ಕ ಒಂದು ನೆಮ್ಮದಿ. ಅಂದ್ರೆ ಕೂಪರ್ ಖುದ್ದಾಗಿ ಹೋಗದೇ ಇರೋ ಮನೆ ಚೆನ್ನಾಗಿದೆ.

ಮುಂದೆ ಏನು ನೋಡ್ಲಿ? 1992ರ ಸಿನಿಮಾ ನೋಡಿಲ್ಲ, ಚೆನ್ನಾಗಿಲ್ಲ ಅಂತ ಯಾರೋ ಹೇಳಿದ್ರು.

ಕಿವಿಗೊಟ್ಟವ:
ಅಯ್ಯೋ ಅದನ್ನ ಬಿಟ್ಟು ಮೂರನೇ ಸೀಸನ್ ನೋಡಿದ್ರಾ?! ಫಸ್ಟು ನೋಡಿ. ಲಾರಾಳ ಕೊನೇ ವಾರದ ಕತೆ, ಶೆರಿಲ್ ಲೀ ಏನ್ ಆಕ್ಟಿಂಗು. 17ರಲ್ಲಿ ಕಾಡಿನ ಸೀನಿಗೆ ಆ ಸಿನಿಮಾದ ಫುಟೇಜನ್ನೇ ಬಳಸಿದಾರೆ. ಸಿನಿಮಾದಲ್ಲಿ ಗೆಳೆಯ ಜೇಮ್ಸ್ ಜೊತೆ ಇದ್ದಾಗ ಲಾರಾ ಮರಗಳ ಕಡೆ ನೋಡಿ ಇದ್ದಕ್ಕಿದ್ದಂಗೆ ಕಿರುಚ್ತಾಳೆ, ಯಾಕೆ ಅಂತ ಗೊತ್ತಾಗಿರ್ಲಿಲ್ಲ, 25 ವರ್ಷ ಬಿಟ್ಟು 17ರಲ್ಲಿ ಅಲ್ಲಿ ಮರದ ಹಿಂದೆ ಕೂಪರ್‌ನ ನಿಲ್ಲಿಸಿದಾರೆ. ನಿಮ್ಮ ಕಾಪಾಡೋ ಚಟಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ, ಅವಳು ಹೆದರಿದ್ದೇ ಇವನನ್ನ ನೋಡಿ.

ಹಳೇವಿಸಿಆರ್:
ಅದ್ರ ಜೊತೆ, ಲಿಂಚ್ ಜೊತೆ ಸೇರಿ ಈ ಸೀರಿಯಲ್ ಹುಟ್ಟುಹಾಕಿದ ಮಾರ್ಕ್ ಫ್ರಾಸ್ಟ್ ಬರೆದ ಪುಸ್ತಕ ಇದೆ, ಸೀಸನ್ ಮುಗಿದ ಮೇಲೆ 2017ರ ಅಕ್ಟೋಬರ್ ಕೊನೆಗೆ ಬಂತು, ಏಜೆಂಟ್ ಟ್ಯಾಮಿ ಪ್ರೆಸ್ಟನ್ ಬರೆದ ಫೈಲ್ ಥರ ಇದೆ. ಅದರಲ್ಲಿ ಟ್ಯಾಮಿ ಊರಿನ ಹಳೇ ಪೇಪರ್ ತೆಗೆದು ನೋಡಿದ್ರೆ ಲಾರಾ ಕೊಲೆ ಆದ ಸುದ್ದಿನೇ ಇಲ್ಲ, ಕಾಣೆಯಾದ ಸುದ್ದಿ ಇದೆ, ವರ್ಷ ಬಿಟ್ಟು ಲೀಲಂಡ್ ತಾನೇ ಜೀವ ತೆಗ್ದುಕೊಂಡ ಅಂತಿದೆ. ಊರಿನ ಜನಕ್ಕೂ ನೆನಪು ಮಂಜು ಮಂಜು. ಅಲ್ಲಿಗೆ ಕೂಪರ್ ಮಾಡಿದ್ದು ನಿಜವಾಗ್ಲೂ ತಟ್ಟಿದೆ ಅಂತಾಯ್ತು, ಫ್ರಾಸ್ಟ್ ಪ್ರಕಾರ. ಲಿಂಚ್ ಮಾತ್ರ ಯಾವತ್ತೂ ಏನೂ ವಿವರಿಸ್ಲಿಲ್ಲ, 2025ರ ಜನವರಿಯಲ್ಲಿ ತೀರ್ಕೊಂಡ್ರು. ಬಿಸಿಲುಕುದ್ರಿ ಅವ್ರೇ, ಆಡ್ರಿ ಬಗ್ಗೆನೂ ಆ ಪುಸ್ತಕದಲ್ಲಿದೆ, ಸಲೂನ್ ಇಟ್ಕೊಂಡಿದ್ಲು, ಮದ್ವೆ ಆದ್ಲು, ಆಮೇಲೆ ಯಾವುದೋ ಖಾಸಗಿ ಆಸ್ಪತ್ರೆ ಥರದ ಜಾಗ ಸೇರಿದ್ಲು ಅಂತ.

ಬಿಸಿಲುಕುದ್ರಿ:
ಅಂದ್ರ ಆ ಬೆಳ್ಳಗಿನ ಕೋಣಿ ಅದೇ ಇರಬೇಕು! ಹದಿನೆಂಟು ತಾಸು ನಾ ಟಿವಿ ಮುಂದ ಕುಂತು ಕೇಳಿದ ಪ್ರಶ್ನಿಗೆ ಉತ್ತರ ಪುಸ್ತಕದ ಅಂಗಡ್ಯಾಗ ಇಟ್ಟಾರಲ್ಲೋ ಮಾರಾಯ. ಇರ್ಲಿ, ತರಸ್ತೀನಿ. ಬೆಕ್ಕಿದೂ ಏನರ ಬರದಾರೇನು ಅದ್ರಾಗ?