ಪದಚರ್ಚೆ: ವೈನರಿಗೆ ಕನ್ನಡದಲ್ಲಿ ಏನಂತಾರೆ? ಬೋರ್ಡಿಗೆ ಬೇಕು, ಅರ್ಜೆಂಟ್

ಬಳ್ಳಾರಿಯಿಂದ:
ಎಲ್ರಿಗೂ ನಮಸ್ಕಾರ. ಬೋರ್ಡ್ ಬರೆಯೋ ಅಂಗಡಿ ನಂದು. ನಮ್ಮ ಕಡೆಯವರೊಬ್ರು ನಂದಿಬೆಟ್ಟದ ಬುಡದಾಗ ಜಮೀನು ತಗೊಂಡು ಸಣ್ಣದಾಗಿ ವೈನರಿ (ದ್ರಾಕ್ಷಿಯಿಂದ ವೈನ್ ಮಾಡೋ ಜಾಗ) ಶುರು ಮಾಡ್ತಿದಾರೆ, ಅಲ್ಲಿ ಎತ್ತರ, ರಾತ್ರಿ ತಂಪು, ಹಣ್ಣಾಗಿನ ಹುಳಿ ಉಳೀತೈತೆ, ನಮ್ಮೂರ ಬಿಸಿಲಾಗ ಅದು ಆಗಲ್ಲ ಅಂತ ಅವರ ಲೆಕ್ಕ. ಬೋರ್ಡಲ್ಲಿ 60% ಕನ್ನಡ ಇರ್ಲೇಬೇಕಲ್ಲ. 'ವೈನರಿ' ಅಂತ ಹಂಗೇ ಬರೆದ್ರೆ ಜನ ಗಾಡಿ ನಿಲ್ಸಿ ನೈಂಟಿ ಕೇಳ್ತಾರೆ ಅಂತ ಭಯ (ನಮ್ಮ ವೈನ್ ಶಾಪಲ್ಲಿ ವೈನ್ ಒಂದು ಬಿಟ್ಟು ಎಲ್ಲಾ ಸಿಗ್ತೈತಲ್ಲ). ಕೆಳಗೆ 'ಶೀತಪ್ರದೇಶದ ದ್ರಾಕ್ಷಿ' ಅಂತ ಇನ್ನೊಂದು ಸಾಲು ಕೊಟ್ಟಿದಾರೆ, ಅದು ಸರಿನಾ? ಸೋಮವಾರ ಬೋರ್ಡ್ ಹೋಗ್ಬೇಕು.

ರಾಯಚೂರಿಂದ:
ದ್ರಾಕ್ಷಿ ಭಟ್ಟಿ ಅನ್ರಿ, ಮುಗೀತು. ಶೀತ ಅಂತ ಬರದ್ರ ಕುಡದವ್ರಿಗಿ ನೆಗಡಿ ಬರ್ತದ ಅಂದಂಗ ಆಗ್ತದ. ನಾವು ಥಂಡಿ ಅಂತೀವಿ.

ಕೊಪ್ಪಳದಿಂದ:
ಭಟ್ಟಿ ತಪ್ಪು. ಭಟ್ಟಿ ಅಂದ್ರ ಬೆಂಕಿ ಇರೋ ಜಾಗ, ಇಟ್ಟಂಗಿ ಭಟ್ಟಿ, ಮಂಡಕ್ಕಿ ಭಟ್ಟಿ. ವೈನಿಗೆ ಬೆಂಕಿ ತೋರ್ಸಂಗಿಲ್ಲ, ಹಣ್ಣು ಜಜ್ಜಿ ಹುದುಗು ಬರಸ್ತಾರ, ಯೀಸ್ಟು ಸಕ್ಕರಿ ತಿಂದು ಮದ್ಯಸಾರ ಮಾಡ್ತೈತಿ, ಅಷ್ಟ. ಅದನ್ನ ಭಟ್ಟಿ ಇಳಿಸಿದ್ರ ಬ್ರಾಂದಿ! ಆಯುರ್ವೇದದೋರು ಈ ಫರಕ ಎಂದೋ ಮಾಡ್ಯಾರ, ಕಷಾಯ ಕಾಸಿ ಹುದುಗಿಸಿದ್ದು ಅರಿಷ್ಟ, ಕಾಸದ ಹುದುಗಿಸಿದ್ದು ಆಸವ. ಆಸವದ ಮೂಲ 'ಸು' ಧಾತು, ಹಿಂಡು ಅಂತ ಅರ್ಥ, ಸೋಮರಸದ ಸೋಮನೂ ಅದರಿಂದನ ಬಂದದ್ದು. 'ಆಸವಶಾಲೆ' ಬರೀರಿ.

ಸಿಂಧನೂರಿಂದ:
ಮಾಸ್ತರೇ, ಆಸವಶಾಲೆ ಅಂದ್ರ ಕೆಮ್ಮಿನ ಔಷಧಿ ಕೇಳಾಕ ಬರ್ತಾರ. ಕನ್ನಡದ್ದೇ ಪದ ಇರುವಾಗ ಸಂಸ್ಕೃತದ ಸಾಲ ಯಾಕ? ಹಳಗನ್ನಡದಾಗ 'ಕಳ್' ಐತಿ, ಈಗಿನ ಕಳ್ಳು. 'ಕಳ್ಮನೆ' ಮಾಡ್ರಿ.

ಬಳ್ಳಾರಿಯಿಂದ (ಇನ್ನೊಬ್ರು):
ಕಳ್ಮನೆ ಅಂತ ಬರೆದ್ರೆ ಕಳ್ಳರ ಮನೆ ಅಂತ ಓದ್ತಾರೆ. ಅದೂ ಅಲ್ದೆ ಕಳ್ ಅಂದ್ರೆ ಮರದಿಂದ ಇಳಿಸಿದ್ದು. ನಮ್ಮ ಓಣಿ ತೆಲುಗರು ಕಲ್ಲು ಅಂತಾರೆ, ನಮಗೆ ಅದು ಗುಂಡುಕಲ್ಲು.

ರಾಯಚೂರಿಂದ:
ಮೊದಲು ದ್ರಾಕ್ಷಿನೂ ಸಂಸ್ಕೃತ ಅದ, ಅದನ್ನ ಬಿಡ್ರಿ ನೋಡಮು. ನಾವು 1948ರ ತನಕ ನಿಜಾಮನ ಕೈಯಾಗ ಇದ್ವಿ, ಕಚೇರಿ, ಜಮೀನು, ವಕೀಲ, ಕಾರ್ಖಾನಿ ಎಲ್ಲಾ ಆ ಕಡಿದೇ, ಅವು ಕನ್ನಡ ಅಲ್ಲಂತೀರೇನು? ಬಳ್ಳಾರಿಯೋರು 1953ರ ತನಕ ಮದ್ರಾಸಿನ್ಯಾಗ ಇದ್ರಿ, ಅರ್ಜೆಂಟ್ ಅಂತ ಬರದೀರಿ. ಯಾರು ಯಾರಿಗಿ ಹೇಳಬೇಕು?

ಸಿಂಧನೂರಿಂದ:
ಬಂದದ್ದು ಬ್ಯಾರೆ, ಕರ್ಕೊಂಡು ಬರೋದು ಬ್ಯಾರೆ. ಇನ್ನ ಇದರ ಬಗ್ಗೆ ನಾ ಬರ್ಯಂಗಿಲ್ಲ.

ಕುಷ್ಟಗಿಯಿಂದ:
ಅಣ್ಣಾರೆ, ಜಗಳ ಆಮ್ಯಾಲೆ ಮಾಡ್ರಿ, ಅವರಿಗೆ ಸೋಮವಾರಕ್ಕ ಬೇಕು. ಕಬ್ಬು ಹಿಂಡೋ ಜಾಗಕ್ಕ ನಮ್ಮ ಕಡೆ ಗಾಣ ಅಂತೀವಿ, ಮೈಸೂರು ಕಡೆಯೋರು ಆಲೆಮನೆ ಅಂತಾರ. ದ್ರಾಕ್ಷಿ ಆಲೆಮನೆ ಅಂದ್ರ ಏನು ತಪ್ಪು? ಎರಡನೇ ಸಾಲಿಗೆ 'ತಂಪು ಸೀಮೆಯ ದ್ರಾಕ್ಷಿ' ಸಾಕು.

ಕೊಪ್ಪಳದಿಂದ:
ತಂಗಿ, ಆಲೆಮನ್ಯಾಗೂ ಕೊಪ್ಪರಿಗಿ ಕುದಿತೈತಲ್ಲ, ಬೆಂಕಿ ಬಂತು ಮತ್ತ.

ಕುಷ್ಟಗಿಯಿಂದ:
ಆಲೆ ಅಂದ್ರ ಹಿಂಡೋದು ಸರ್. ಕುದಿಸೋದು ಬೆಲ್ಲಕ್ಕ. ಕಬ್ಬಿನಹಾಲು ಕುಡಿಯೋರಿಗೆ ಕೊಪ್ಪರಿಗಿ ಯಾಕ ಬೇಕು?

ಬಳ್ಳಾರಿಯಿಂದ:
ಫೋನ್ ಮಾಡಿ ಕೇಳಿದೆ, ಆಲೆಮನೆ ಅಂದ ಕೂಡ್ಲೆ ಅವರ ಆಳುಗಳೇ ನಕ್ಕು ಒಪ್ಪಿದ್ರಂತೆ. ದೊಡ್ಡಕ್ಷರದಾಗ 'ದ್ರಾಕ್ಷಿ ಆಲೆಮನೆ', ಕೆಳಗೆ 'ತಂಪು ಸೀಮೆಯ ವೈನ್' ಅಂತ ಹಾಕ್ತಿದೀನಿ, ವೈನ್ ಅಂತ ಎಲ್ಲೂ ಇಲ್ದಿದ್ರೆ ಬೆಲ್ಲ ಕೇಳ್ತಾರೆ ಅಂದ್ರು. ಮಾಸ್ತರೇ, ಬೇಜಾರ್ ಮಾಡ್ಕೋಬೇಡಿ. ಒಂದೇ ಡೌಟು, ಆಲೆಮನೆ ಕೂಡಿಸಿ ಬರೀಬೇಕೋ ಬಿಡಿಸಿ ಬರೀಬೇಕೋ?

ಕೊಪ್ಪಳದಿಂದ:
ಕೂಡಿಸಿ.